ಹೊಲಿಗೆ ಹಾಕಿದವರ ಅಂಕಪಟ್ಟಿ

ಕಾರಹುಣ್ಣಿಮೆ ಮುಗಿದು ಕಾಖಂಡಕಿಯಲ್ಲಿ ಹೋರಿಗಳನ್ನು ಓಡಿಸುವ ಕರಿ ನಡೆಯುವ ದಿನ ಹೋರಿಯ ಕೊಂಬು ಯಾರಿಗಾದರೂ ತಗುಲುವುದು ಅಪರೂಪವಲ್ಲ. ಹೊಟ್ಟೆಗೆ ತಗುಲಿತೆಂದರೆ ಗಾಡಿ ವಿಜಯಪುರದ ದಾರಿ ಹಿಡಿಯುತ್ತದೆ. ಅಲ್ಲಿ ಗಾಯಾಳುವನ್ನು ಮೊದಲು ಮುಟ್ಟಿ ನೋಡುವವರು ಬಹಳ ಸಲ ಹೆಸರಾದ ಸರ್ಜನ್ ಅಲ್ಲ. ಇಪ್ಪತ್ತಾರು ಇಪ್ಪತ್ತೇಳರ ಹುಡುಗ, ಇಲ್ಲವೇ ಹುಡುಗಿ. ಎಂಬಿಬಿಎಸ್ ಮುಗಿಸಿ ಎಂ.ಎಸ್. ಓದುತ್ತಿರುವ ಪಿಜಿ ಡಾಕ್ಟರ್. ಹಾಗೆ ಮಗನನ್ನು ಕರೆತಂದ ನಮ್ಮ ಕಡೆಯ ತಾಯಿಯೊಬ್ಬರು ನನ್ನ ಅಂಗಿಯ ತೋಳು ಹಿಡಿದು ಕೇಳಿದ್ದರು: “ಯಣ್ಣಾ, ಈ ಹುಡುಗಗ ಬರ್ತದೇನು? ಬರ್ತದ ಅಂತ ಯಾರ್ ನೋಡಿ ಹೇಳ್ಯಾರ?”

ಮಗ ಗುಣವಾಗಿ ಮನೆಗೆ ಬಂದ. ಆ ತಾಯಿಯ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುತ್ತ ಬರೆದಿಟ್ಟುಕೊಂಡ ಟಿಪ್ಪಣಿಗಳು ಇವು. ನಾನು ವೈದ್ಯನಲ್ಲ. ಊರಿನವರ ಜೊತೆ ಆಸ್ಪತ್ರೆಗೆ ಹೋಗಿ ಬರುವವನು, ಸಿಕ್ಕಿದ್ದನ್ನು ಓದುವವನು, ಗೊತ್ತಿದ್ದವರನ್ನು ಕೇಳುವವನು.

*

ವಿಜಯಪುರ ನಗರದಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ. ಅಲ್-ಅಮೀನ್ ಶುರುವಾದದ್ದು 1984ರಲ್ಲಿ, ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜು 1986ರಲ್ಲಿ. ಬಿ.ಎಲ್.ಡಿ.ಇ. ಸಂಸ್ಥೆ ಅದಕ್ಕಿಂತ ಬಹಳ ಹಳೆಯದು, 1910ರದು. ವಚನದ ಕಟ್ಟುಗಳನ್ನು ಊರೂರು ತಿರುಗಿ ಕೂಡಿಸಿದ ಫ.ಗು. ಹಳಕಟ್ಟಿಯವರು ಕಟ್ಟಿ ಬೆಳೆಸಿದ್ದು. 2008ರಲ್ಲಿ ಅದರ ಈ ಮೆಡಿಕಲ್ ಕಾಲೇಜಿಗೆ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕಿತು.

ಹೀಗಾಗಿ ಒಂದೇ ಊರಿನಲ್ಲಿ ಎರಡು ವ್ಯವಸ್ಥೆ. ಒಂದು ಕಾಲೇಜಿನ ಪರೀಕ್ಷೆಯನ್ನು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ನಡೆಸುತ್ತದೆ. ಇನ್ನೊಂದರ ಪರೀಕ್ಷೆಯನ್ನು ಅದರದೇ ವಿಶ್ವವಿದ್ಯಾಲಯ ನಡೆಸುತ್ತದೆ. ಕಲಿಸಿದವರೇ ಪರೀಕ್ಷೆಯನ್ನೂ ಮಾಡುವುದು ದೇಶದ ಎಲ್ಲ ಡೀಮ್ಡ್ ವಿಶ್ವವಿದ್ಯಾಲಯಗಳಿಗೂ ಅನ್ವಯಿಸುವ ಪದ್ಧತಿ. ಇದರಲ್ಲಿ ವಿಜಯಪುರದ್ದೇ ಆದ ವಿಶೇಷವಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ ಎರಡಕ್ಕೂ ಒಂದೇ. ಪರೀಕ್ಷಕರಲ್ಲಿ ಅರ್ಧದಷ್ಟು ಜನ ಹೊರಗಿನ ವಿಶ್ವವಿದ್ಯಾಲಯಗಳಿಂದ ಬರಬೇಕು.

ಅಷ್ಟರ ಮಟ್ಟಿಗೆ ಸಮಾಧಾನ. ಆದರೂ ಒಂದು ಮಾತು ಬರೆದಿಟ್ಟಿದ್ದೇನೆ: ಹೊರಗಿನಿಂದ ಬಂದವರು ಆ ವಿದ್ಯಾರ್ಥಿಯನ್ನು ನೋಡುವುದು ಪರೀಕ್ಷೆಯ ದಿನ ಮಾತ್ರ. ಮೂರು ವರ್ಷ ಹಗಲು ರಾತ್ರಿ ನೋಡಿದವರು ಒಳಗಿನವರು.

*

ಮೊದಲ ಜರಡಿ ನೀಟ್-ಪಿಜಿ. ಇನ್ನೂರು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ, ಸರಿಯಾದುದನ್ನು ಕಂಪ್ಯೂಟರಿನಲ್ಲಿ ಗುರುತು ಮಾಡಬೇಕು. ಸರ್ಜರಿ ಸೀಟು ಸಿಗುವುದೂ ಇದರಿಂದಲೇ, ಚರ್ಮರೋಗದ ಸೀಟು ಸಿಗುವುದೂ ಇದರಿಂದಲೇ. ಕೈ ನಡುಗುತ್ತದೆಯೇ, ರಕ್ತ ಚಿಮ್ಮಿದಾಗ ತಲೆ ತಣ್ಣಗಿರುತ್ತದೆಯೇ, ರಾತ್ರಿ ಎರಡು ಗಂಟೆಗೆ ರೋಗಿಯ ತಾಯಿಯ ಜೊತೆ ಹೇಗೆ ಮಾತನಾಡುತ್ತಾರೆ, ಇದಾವುದೂ ಆ ಪರೀಕ್ಷೆಗೆ ಕಾಣುವುದಿಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಎತ್ತು ಕೊಳ್ಳುವ ನಮ್ಮ ರೈತ ಹಲ್ಲು ಎಣಿಸಿ ಸುಮ್ಮನಾಗುವುದಿಲ್ಲ, ನಡೆಸಿ ನೋಡಿ ಆಮೇಲೆ ದುಡ್ಡು ಬಿಚ್ಚುತ್ತಾನೆ.

2023ರಲ್ಲಿ ಸೀಟುಗಳು ಖಾಲಿ ಉಳಿದವೆಂದು ಅರ್ಹತೆಯ ಪರ್ಸೆಂಟೈಲನ್ನು ಎಲ್ಲ ವರ್ಗಗಳಿಗೂ ಸೊನ್ನೆಗೆ ಇಳಿಸಲಾಯಿತು. ಪರೀಕ್ಷೆ ಬರೆದವರೆಲ್ಲ ಕೌನ್ಸೆಲಿಂಗಿಗೆ ಅರ್ಹರು. ಒಳಗೆ ಬರುವ ಬಾಗಿಲು ಇಷ್ಟು ತೆರೆದಿರುವಾಗ ಹೊರಗೆ ಕಳಿಸುವ ಬಾಗಿಲನ್ನಾದರೂ ಬಿಗಿಯಾಗಿ ಕಾಯಬೇಕಲ್ಲ ಎಂಬುದು ನನ್ನ ಕಳವಳ.

*

ಲಾಗ್ ಬುಕ್. ಇದನ್ನು ಮೊದಲ ಸಲ ನೋಡಿದಾಗ ನನಗೆ ನಿಜವಾಗಿಯೂ ಸಂತೋಷವಾಯಿತು. ಪಿಜಿ ಡಾಕ್ಟರು ಪ್ರತಿ ಆಪರೇಷನ್ನನ್ನೂ ಅದರಲ್ಲಿ ಬರೆಯಬೇಕು. ತಾರೀಖು, ರೋಗಿಯ ನಂಬರು, ಕಾಯಿಲೆ, ಮಾಡಿದ ಆಪರೇಷನ್, ಅದರಲ್ಲಿ ತನ್ನ ಪಾಲು. ಪಾಲು ನಾಲ್ಕು ಬಗೆ: ನೋಡಿದ್ದು, ಕೈಜೋಡಿಸಿದ್ದು, ಹಿರಿಯರು ಪಕ್ಕದಲ್ಲಿದ್ದು ಮಾಡಿಸಿದ್ದು, ತಾನೇ ಮಾಡಿದ್ದು. ಮೊದಲ ವರ್ಷದ ಪುಟಗಳಲ್ಲಿ ನೋಡಿದ್ದೇ ಹೆಚ್ಚು. ಮೂರನೆಯ ವರ್ಷಕ್ಕೆ ಬರುವಾಗ ಅಪೆಂಡಿಕ್ಸ್, ಹರ್ನಿಯಾ, ಹೈಡ್ರೋಸಿಲ್ ಮುಂತಾದವುಗಳ ಮುಂದೆ ತಾನೇ ಮಾಡಿದ್ದು ಎಂಬ ಗುರುತು ಕಾಣಬೇಕು. ಒಬ್ಬ ಮನುಷ್ಯ ಮೆಲ್ಲಗೆ ಸರ್ಜನ್ ಆಗುತ್ತಿರುವುದು ಆ ಪುಟಗಳಲ್ಲಿ ಕಾಣುತ್ತದೆ.

ಪ್ರತಿ ಸಾಲಿನ ಕೊನೆಗೆ ಗುರುಗಳ ಸಹಿ ಬೇಕು. ಅದೇ ದಿನ ಸಹಿ ಬಿದ್ದರೆ ಆ ಸಾಲು ಸಾಕ್ಷಿ. ತಿಂಗಳುಗಟ್ಟಲೆ ಬಾಕಿ ಉಳಿದು ಒಂದೇ ಸಂಜೆ ಕೂತು ಪುಟ ತಿರುವುತ್ತ ಸಹಿ ಮಾಡಿದರೆ ಅದು ಬರೀ ಕಾಗದ. ಎರಡನ್ನೂ ಕಂಡಿದ್ದಾಗಿ ಬೇರೆ ಬೇರೆ ಊರುಗಳಲ್ಲಿ ಕಲಿತ ಡಾಕ್ಟರುಗಳೇ ಹೇಳಿದರು.

ಎಷ್ಟು ಮಾಡಿದರೆ ಸಾಕು? ಅಮೆರಿಕದಲ್ಲಿ ಜನರಲ್ ಸರ್ಜರಿ ಮುಗಿಸಲು ಐದು ವರ್ಷದಲ್ಲಿ ಕನಿಷ್ಠ 850 ದೊಡ್ಡ ಆಪರೇಷನ್‌ಗಳ ಲೆಕ್ಕ ಕೊಡಬೇಕು. ನಮ್ಮಲ್ಲಿ ಎಂ.ಎಸ್. ಮೂರೇ ವರ್ಷ. ಆದರೆ ಇಲ್ಲಿನ ವಾರ್ಡುಗಳಲ್ಲಿ ರೋಗಿಗಳು ಕಡಿಮೆಯಿಲ್ಲ. ವಿಜಯಪುರ, ಬಾಗಲಕೋಟೆ, ಕಲಬುರಗಿಯ ವಾರ್ಡುಗಳಲ್ಲಿ ಕಲಿತವರ ಕೈ ಪಳಗಿರುತ್ತದೆ ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ, ನಂಬುತ್ತೇನೆ. ಎಣಿಕೆಯ ಬಗ್ಗೆ ನನಗೆ ಹೆಚ್ಚಿನ ತಕರಾರಿಲ್ಲ. ನೂರು ಹರ್ನಿಯಾ ಮಾಡಿದ್ದಾರೆ ಸರಿ. ಆ ನೂರು ಜನ ಈಗ ಹೇಗಿದ್ದಾರೆ? ಲಾಗ್ ಬುಕ್ಕಿನಲ್ಲಿ ಅದಕ್ಕೊಂದು ಕಾಲಂ ಹುಡುಕಿದೆ. ನಾನು ನೋಡಿದ ಪುಸ್ತಕದಲ್ಲಿ ಇರಲಿಲ್ಲ.

*

ಕೊನೆಯ ಪರೀಕ್ಷೆ. 2023ರ ಸ್ನಾತಕೋತ್ತರ ನಿಯಮಗಳ ಪ್ರಕಾರ ತಲಾ ನೂರು ಅಂಕದ ನಾಲ್ಕು ಲಿಖಿತ ಪತ್ರಿಕೆ. ಪ್ರತಿ ಪತ್ರಿಕೆಯಲ್ಲೂ ಕನಿಷ್ಠ 40, ಒಟ್ಟಿನಲ್ಲಿ ಶೇ 50. ಪ್ರಾಯೋಗಿಕದಲ್ಲಿ ಬೇರೆಯಾಗಿ ಶೇ 50. ಅದಕ್ಕೂ ಮೊದಲು ಶೇ 80 ಹಾಜರಾತಿ ಇರಬೇಕು, ಪ್ರಬಂಧ ಒಪ್ಪಿಗೆಯಾಗಿರಬೇಕು, ಜಿಲ್ಲಾ ಆಸ್ಪತ್ರೆಯಲ್ಲಿ ಮೂರು ತಿಂಗಳು ಕೆಲಸ ಮಾಡಿರಬೇಕು.

ಪ್ರಾಯೋಗಿಕ ಎಂದರೆ ಲಾಂಗ್ ಕೇಸ್, ಶಾರ್ಟ್ ಕೇಸ್, ಆಮೇಲೆ ಟೇಬಲ್ ವೈವಾ. ಮೇಜಿನ ಮೇಲೆ ಸಲಕರಣೆ, ಎಕ್ಸ್‌ರೇ, ಜಾಡಿಯಲ್ಲಿಟ್ಟ ಅಂಗಗಳು. ರೋಗಿಯನ್ನು ಮುಟ್ಟಿ ನೋಡಿ, ಕಾಯಿಲೆ ಏನೆಂದು ಹೇಳಿ, ಆಪರೇಷನ್ ಹೇಗೆ ಮಾಡುತ್ತೀರಿ ಎಂದು ಕೇಳಿದರೆ ಬಾಯಲ್ಲಿ ವಿವರಿಸಬೇಕು. ಸರ್ಜನ್ ಆಗಲು ಬರೆಯುವ ಪರೀಕ್ಷೆಯ ದಿನ ಆಪರೇಷನ್ ಮಾಡಿ ತೋರಿಸಬೇಕಾಗಿಲ್ಲ. ಇದನ್ನು ತಿಳಿದಾಗ ನನಗೆ ಬಹಳ ಆಶ್ಚರ್ಯವಾಗಿತ್ತು. ಯೋಚಿಸಿದರೆ ಕಾರಣ ಗೊತ್ತಾಗುತ್ತದೆ: ಪರೀಕ್ಷೆಯ ಭಯದಲ್ಲಿರುವವರ ಕೈಗೆ ಒಬ್ಬ ರೋಗಿಯ ಹೊಟ್ಟೆ ಕೊಡುವುದು ನ್ಯಾಯವಲ್ಲ. ಹಾಗಾದರೆ ಕೈಯ ಪರೀಕ್ಷೆ ಅದಕ್ಕೂ ಮುಂಚಿನ ಮೂರು ವರ್ಷಗಳಲ್ಲಿ ಆಗಿ ಮುಗಿದಿರಬೇಕು.

ಪರೀಕ್ಷೆಗೆ ರೋಗಿಗಳು ಬೇಕು. ಕುತ್ತಿಗೆಯಲ್ಲಿ ಥೈರಾಯ್ಡ್ ಗಡ್ಡೆ ಇದ್ದವರು, ಕಾಲಿನ ನರ ಉಬ್ಬಿದವರು, ಹರ್ನಿಯಾ ಇಳಿದವರು. ನಮ್ಮ ಕಡೆಯ ಹಿರಿಯರೊಬ್ಬರು ಹೀಗೆ ಒಂದು ದಿನ ಕೂತು ಬಂದವರು. ಊಟ ಕೊಟ್ಟರು, ಬಸ್ಸಿನ ಖರ್ಚು ಕೊಟ್ಟರು, ಗೌರವದಿಂದ ನಡೆಸಿಕೊಂಡರು ಎಂದು ಅವರೇ ಹೇಳಿದರು. ಒಬ್ಬರಾದ ಮೇಲೊಬ್ಬರು ಬಂದು ಕುತ್ತಿಗೆ ಮುಟ್ಟಿ, ನೀರು ಗುಟುಕರಿಸಿ ಎಂದರಂತೆ.

“ಯಾರ್ ಚಲೋ ನೋಡಿದ್ರು ಕಾಕಾ?” ಎಂದೆ.

“ಒಬ್ಬಾಕಿ ಹುಡುಗಿ, ಮುಟ್ಟೂ ಮೊದಲ ಕೈ ಬೆಚ್ಚಗ ಮಾಡ್ಕೊಂಡ್ಳು. ನೋವಾಗ್ತದೇನ್ರಿ ಅಜ್ಜಾ ಅಂತ ಕೇಳಿದ್ಳು. ಉಳಿದವ್ರು ಸಾಹೇಬ್ರ ಮುಖಾನ ನೋಡ್ತಿದ್ರು.”

“ಇದನ್ನ ಸಾಹೇಬ್ರಿಗೆ ಹೇಳಿದ್ರೇನು?”

“ನನ್ನ ಯಾರ್ ಕೇಳ್ತಾರೋ ತಮ್ಮಾ.”

ಆ ಕೋಣೆಯಲ್ಲಿ ಆ ಪಿಜಿಗಳ ಕೈಯನ್ನು ಮೈಮೇಲೆ ಅನುಭವಿಸಿದ ಮನುಷ್ಯ ಅವರೊಬ್ಬರೇ. ಅಂಕ ಕೊಡುವ ಅಧಿಕಾರ ಅವರಿಗೆ ಬೇಡ. ಒಂದು ಮಾತು ಕೇಳಬಹುದಿತ್ತು.

*

ಆಯೋಗದ ಪಠ್ಯಕ್ರಮದ ಜೊತೆ ಮೂರು ತಿಂಗಳಿಗೊಮ್ಮೆ ತುಂಬುವ ಒಂದು ಮೌಲ್ಯಮಾಪನ ಪತ್ರವೂ ಇದೆ. ಒಂದರಿಂದ ಒಂಬತ್ತರವರೆಗೆ ಅಂಕ. ಅದರಲ್ಲಿ ಏನೇನಿದೆ ಎಂದು ಓದಿ ಮನಸ್ಸಿಗೆ ಹಿತವಾಯಿತು. ತನ್ನ ಹಂತಕ್ಕೆ ತಕ್ಕಂತೆ ರೋಗಿಯ ಆರೈಕೆ ಮಾಡುತ್ತಾರೆಯೇ, ತಂಡದವರ ಜೊತೆ ಹೊಂದಿಕೊಳ್ಳುತ್ತಾರೆಯೇ, ರೋಗಿಯ ಮನೆಯವರ ಜೊತೆ ಅಂತಃಕರಣದಿಂದ ಮಾತನಾಡುತ್ತಾರೆಯೇ. ಸರಿಯಾದ ಪ್ರಶ್ನೆಗಳನ್ನೇ ಇಟ್ಟಿದ್ದಾರೆ. ತುಂಬುವವರು ವಿಭಾಗದ ಗುರುಗಳು. ಪಾಸು ಫೇಲಿನ ಅಂಕಗಳಿಗೆ ಮಾತ್ರ ಈ ಪತ್ರ ಸೇರುವುದಿಲ್ಲ.

*

ಸುಶ್ರುತ ಸಂಹಿತೆಯಲ್ಲಿ ಶಿಷ್ಯನಿಗೆ ಅಭ್ಯಾಸ ಮಾಡಿಸುವುದಕ್ಕೇ ಒಂದು ಅಧ್ಯಾಯವಿದೆ. ಕುಂಬಳ, ಸೋರೆ, ಕಲ್ಲಂಗಡಿ, ಸೌತೆಗಳ ಮೇಲೆ ಕೊಯ್ಯುವುದನ್ನು ಕಲಿಸಬೇಕು. ನೀರು ತುಂಬಿದ ಚರ್ಮದ ಚೀಲದ ಮೇಲೆ ಸೀಳುವುದನ್ನು. ಕೂದಲಿರುವ ತೊಗಲಿನ ಮೇಲೆ ಕೆರೆಯುವುದನ್ನು. ತಾವರೆಯ ದಂಟಿನ ಮೇಲೆ ರಕ್ತನಾಳ ಚುಚ್ಚುವುದನ್ನು. ದಪ್ಪ ಬಟ್ಟೆಯ ಮೇಲೆ ಹೊಲಿಗೆಯನ್ನು. ಬೊಂಬೆಯ ಮೇಲೆ ಪಟ್ಟಿ ಕಟ್ಟುವುದನ್ನು. ಎಲ್ಲ ಓದಿದ್ದರೂ ಅಭ್ಯಾಸ ಮಾಡದವನು ಕೆಲಸಕ್ಕೆ ತಕ್ಕವನಲ್ಲ ಎಂಬುದು ಅಲ್ಲಿನ ತಾತ್ಪರ್ಯ. ಬದುಕಿರುವ ದೇಹದ ಮೇಲೆ ಮೊದಲ ಸಲ ಕಲಿಯಬೇಡ ಎಂಬ ಈ ಎಚ್ಚರ ನಮ್ಮ ನೆಲದಲ್ಲಿ ಅಷ್ಟು ಹಿಂದೆಯೇ ಇತ್ತು.

ಇದನ್ನೇ ಹೊಸ ಕಾಲಕ್ಕೆ ತಕ್ಕಂತೆ ಮಾಡಿದವರು ಕೆನಡಾದ ಟೊರಾಂಟೊದವರು. ರಿಚರ್ಡ್ ರೆಜ್ನಿಕ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಪಿಜಿಗಳ ಕೈಯನ್ನೇ ಪರೀಕ್ಷಿಸುವ ಒಂದು ಪದ್ಧತಿ ಕಟ್ಟಿದರು. ಮಾದರಿಗಳ ಮೇಲೆ ಕೆಲಸ ಕೊಟ್ಟು ಏಳು ಅಂಶಗಳನ್ನು ಒಂದರಿಂದ ಐದರವರೆಗೆ ಅಳೆಯುವುದು. ಅದರಲ್ಲಿ ಮೊದಲನೆಯದು ಮಾಂಸ, ಪೊರೆಗಳನ್ನು ಎಷ್ಟು ಮೃದುವಾಗಿ ಮುಟ್ಟುತ್ತಾರೆ ಎಂಬುದು. ಬೇಡದ ಚಲನೆ ಎಷ್ಟು, ಸಲಕರಣೆ ಹಿಡಿಯುವ ರೀತಿ ಹೇಗೆ, ಪಕ್ಕದಲ್ಲಿರುವ ಸಹಾಯಕರನ್ನು ಹೇಗೆ ಬಳಸಿಕೊಳ್ಳುತ್ತಾರೆ ಇವೆಲ್ಲ ಆಮೇಲೆ.

ಕೈಯನ್ನು ನೋಡಿ ಹೇಳುವುದು ಬರೀ ಅಭಿಪ್ರಾಯ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಮಿಷಿಗನ್ನಿನಲ್ಲಿ ಉತ್ತರ ಸಿಕ್ಕಿದೆ. ಬೊಜ್ಜು ಕಡಿಮೆ ಮಾಡುವ ಆಪರೇಷನ್ ಮಾಡುವ 20 ಸರ್ಜನ್‌ಗಳು ತಲಾ ಒಂದು ವಿಡಿಯೊ ಕೊಟ್ಟರು. ಬೇರೆ ಸರ್ಜನ್‌ಗಳು ಯಾರ ಕೈಯೆಂದು ತಿಳಿಯದೆ ಅಂಕ ಕೊಟ್ಟರು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಕಡಿಮೆ ಅಂಕ ಬಂದ ಕಾಲು ಭಾಗದವರ ರೋಗಿಗಳಲ್ಲಿ ಶೇ 14.5 ಜನರಿಗೆ ತೊಡಕುಗಳಾಗಿದ್ದವು, ಹೆಚ್ಚು ಅಂಕ ಬಂದವರ ರೋಗಿಗಳಲ್ಲಿ ಶೇ 5.2. ಬಲ್ಲವರು ಒಂದು ವಿಡಿಯೊ ನೋಡಿ ಕೊಟ್ಟ ಅಂಕಕ್ಕೂ ರೋಗಿಯ ಪಾಡಿಗೂ ಇಷ್ಟು ಹತ್ತಿರದ ನಂಟು. ಲ್ಯಾಪ್ರೊಸ್ಕೋಪಿ ಆಪರೇಷನ್‌ಗಳ ವಿಡಿಯೊ ಇಂದು ನಮ್ಮ ಓಟಿಗಳಲ್ಲೂ ಸುಲಭವಾಗಿ ಸಿಗುತ್ತದೆ. ಹೆಸರು ಮರೆಮಾಡಿ ವಿಜಯಪುರದ ವಿಡಿಯೊ ಮೈಸೂರಿಗೆ, ಮೈಸೂರಿನದು ಹುಬ್ಬಳ್ಳಿಗೆ ಕಳಿಸಿದರೆ ದೊಡ್ಡ ಖರ್ಚೇನೂ ಇಲ್ಲ.

*

ಕಾಲೇಜಿನ ಪರೀಕ್ಷೆ. ಪಿಜಿ ಕಲಿಸಲು ಇಂತಿಷ್ಟು ಹಾಸಿಗೆ, ಅವುಗಳಲ್ಲಿ ಇಂತಿಷ್ಟು ತುಂಬಿರಬೇಕು, ಇಂತಿಷ್ಟು ಪ್ರಾಧ್ಯಾಪಕರು, ಇಂತಿಷ್ಟು ಹೊರರೋಗಿಗಳು. ತಪಾಸಣೆಗೆ ಬಂದವರು ಎಣಿಸುತ್ತಾರೆ. ಎಣಿಸುವುದು ತಪ್ಪಲ್ಲ; ರೋಗಿಗಳಿಲ್ಲದ ಆಸ್ಪತ್ರೆಯಲ್ಲಿ ಯಾರೂ ಸರ್ಜನ್ ಆಗಲಾರರು. ಆದರೆ ಎಣಿಕೆಯನ್ನು ಒಂದು ದಿನದ ಮಟ್ಟಿಗೆ ಹೊಂದಿಸಬಹುದು. 2025ರ ಜುಲೈನಲ್ಲಿ ಹೊರಬಂದ ಸಿಬಿಐ ಪ್ರಕರಣ ಅದನ್ನು ಬಯಲಿಗಿಟ್ಟಿತು. ಛತ್ತೀಸಗಢದ ಒಂದು ಕಾಲೇಜಿಗೆ ಅನುಕೂಲದ ವರದಿ ಬರೆಯಲು 55 ಲಕ್ಷ ರೂಪಾಯಿ ಲಂಚ ಪಡೆದ ಆರೋಪದ ಮೇಲೆ ತಪಾಸಣೆಗೆ ಹೋದ ಡಾಕ್ಟರುಗಳೂ ಸೇರಿ ಆರು ಜನರ ಬಂಧನವಾಯಿತು. ಬೇರೆ ಕಡೆಗಳಲ್ಲಿ ಹೆಸರಿಗಷ್ಟೇ ಇರುವ ಅಧ್ಯಾಪಕರು, ತಪಾಸಣೆಯ ದಿನಕ್ಕೆಂದು ಕರೆತಂದು ಮಲಗಿಸಿದ ರೋಗಿಗಳು ಎಂಬ ಆರೋಪಗಳೂ ಆ ತನಿಖೆಯಲ್ಲಿವೆ. ನ್ಯಾಯಾಲಯ ಏನು ಹೇಳುತ್ತದೋ ಅದು ಮುಂದಿನದು. ಹಾಸಿಗೆಯ ಮೇಲೆ ಸುಳ್ಳು ರೋಗಿ ಮಲಗಿದ ಕಡೆ ಕಲಿತವರು ನಾಳೆ ನಿಜವಾದ ರೋಗಿಯ ಹೊಟ್ಟೆ ಕೊಯ್ಯುತ್ತಾರೆ ಎಂಬುದು ನನ್ನ ಎದೆಗೆ ನಾಟಿದ ಸಂಗತಿ.

ಕೇಂದ್ರ ಸರಕಾರದ ಎನ್‌ಐಆರ್‌ಎಫ್ ಶ್ರೇಯಾಂಕವನ್ನೂ ನೋಡಿದೆ. ಬೋಧನೆ ಮತ್ತು ಸಂಪನ್ಮೂಲಕ್ಕೆ 30, ಸಂಶೋಧನೆಗೆ 30, ಪದವಿ ಪಡೆದವರ ಫಲಿತಾಂಶಕ್ಕೆ 20, ಒಳಗೊಳ್ಳುವಿಕೆಗೆ 10, ಜನಾಭಿಪ್ರಾಯಕ್ಕೆ 10. ರೋಗಿ ಗುಣವಾದನೇ ಎಂಬುದಕ್ಕೆಂದೇ ಇಟ್ಟ ಭಾಗ ಈ ಐದರಲ್ಲಿಲ್ಲ.

*

ನೂರಹತ್ತು ವರ್ಷ ಹಿಂದೆ ಬಾಸ್ಟನ್ನಿನಲ್ಲಿ ಅರ್ನೆಸ್ಟ್ ಕಾಡ್‌ಮನ್ ಎಂಬ ಸರ್ಜನ್ ಇದ್ದರು. ಪ್ರತಿ ರೋಗಿಗೂ ಒಂದು ಕಾರ್ಡು ಬರೆದು, ಒಂದು ವರ್ಷದ ಮೇಲೆ ಅವರು ಹೇಗಿದ್ದಾರೆ ಎಂದು ನೋಡಿ, ಕೆಟ್ಟದ್ದಾಗಿದ್ದರೆ ಯಾಕೆ ಎಂದು ಬರೆಯಬೇಕೆಂಬುದು ಅವರ ಹಟ. ಸರ್ಜನ್‌ಗಳಿಗೆ ಬಡ್ತಿ ಸಿಗಬೇಕಾದದ್ದು ಹಿರಿತನದಿಂದಲ್ಲ, ಈ ಕಾರ್ಡಿನಿಂದ ಎಂದರು. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಒಪ್ಪಲಿಲ್ಲ. 1914ರಲ್ಲಿ ಅವರು ರಾಜೀನಾಮೆ ಕೊಟ್ಟು ಹೊರಬಂದರು. ತಮ್ಮದೇ ಪುಟ್ಟ ಆಸ್ಪತ್ರೆಯಲ್ಲಿ 1911ರಿಂದ 1916ರವರೆಗೆ ನೋಡಿದ 337 ರೋಗಿಗಳ ಲೆಕ್ಕ ಬರೆದು, ಅದರಲ್ಲಿ 123 ತಪ್ಪುಗಳಾಗಿವೆ ಎಂದು ತಾವೇ ಅಚ್ಚು ಹಾಕಿಸಿದರು. ಈ ಎಲ್ಲ ಓದಿನಲ್ಲಿ ನಾನು ಅತಿ ಹೆಚ್ಚು ಗೌರವದಿಂದ ಬರೆದುಕೊಂಡ ಹೆಸರು ಇದು.

ಕಾಡ್‌ಮನ್ ಕೇಳಿದ ಪ್ರಶ್ನೆಯನ್ನು 2009ರಲ್ಲಿ ಕಾಲೇಜುಗಳಿಗೇ ಕೇಳಿದವರು ಡೇವಿಡ್ ಆಶ್ ಮತ್ತು ಸಂಗಡಿಗರು. ಫ್ಲಾರಿಡಾ ಮತ್ತು ನ್ಯೂಯಾರ್ಕ್ ರಾಜ್ಯಗಳ ಸುಮಾರು 49 ಲಕ್ಷ ಹೆರಿಗೆಗಳು, ಅವನ್ನು ಮಾಡಿಸಿದ ನಾಲ್ಕು ಸಾವಿರಕ್ಕೂ ಹೆಚ್ಚು ಡಾಕ್ಟರುಗಳು, ಅವರು ಕಲಿತು ಬಂದ 107 ತರಬೇತಿ ಕೇಂದ್ರಗಳು. ಒಳ್ಳೆಯ ಫಲಿತಾಂಶದ ಕೇಂದ್ರಗಳಲ್ಲಿ ಕಲಿತವರ ಕೈಯಲ್ಲಿ ಶೇ 10.3 ತಾಯಂದಿರಿಗೆ ದೊಡ್ಡ ತೊಡಕು; ಕೊನೆಯ ಸಾಲಿನ ಕೇಂದ್ರಗಳಲ್ಲಿ ಕಲಿತವರ ಕೈಯಲ್ಲಿ ಶೇ 13.6. ಡಾಕ್ಟರುಗಳ ಪರೀಕ್ಷಾ ಅಂಕಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ವ್ಯತ್ಯಾಸ ಹಾಗೆಯೇ ಉಳಿಯಿತು. ಎಲ್ಲಿ ಕಲಿತರು ಎಂಬುದು ವರ್ಷಗಳ ಮೇಲೆ, ಬೇರೆ ಊರಿನ ರೋಗಿಯ ಮೈಮೇಲೆ ಕಾಣುತ್ತದೆ ಎಂದಾಯಿತು.

*

ಫಲಿತಾಂಶದಿಂದ ಅಳೆಯುವುದರಲ್ಲೂ ಅನ್ಯಾಯವಾಗಬಹುದು ಎಂದು ಒಬ್ಬ ಸರ್ಜನ್ ನನಗೆ ಬಿಡಿಸಿ ಹೇಳಿದರು. ಕರುಳು ತೂತಾಗಿ ಮೂರನೆಯ ದಿನಕ್ಕೆ ಬಂದ ರೋಗಿಯೂ, ಬೆಳಿಗ್ಗೆ ನಡೆದುಕೊಂಡು ಬಂದು ಹರ್ನಿಯಾ ಮಾಡಿಸಿಕೊಳ್ಳುವವರೂ ಒಂದೇ ಅಲ್ಲ. ನ್ಯೂಯಾರ್ಕಿನಲ್ಲಿ ಹೃದಯದ ಬೈಪಾಸ್ ಸರ್ಜನ್‌ಗಳ ಫಲಿತಾಂಶವನ್ನು 1990ರ ದಶಕದಲ್ಲಿ ಪ್ರಕಟಿಸಲು ಶುರುಮಾಡಿದಾಗ, ಸೋಲಿನ ಭಯಕ್ಕೆ ಕಷ್ಟದ ರೋಗಿಗಳನ್ನು ದೂರ ಇಡುತ್ತಾರೆ ಎಂಬ ವಾದ ಬಹಳ ನಡೆಯಿತು. ನಮ್ಮ ಕಡೆ ರೋಗಿಗಳು ತಡವಾಗಿಯೇ ಬರುವುದು. ಜೋಳ ಕೊಯ್ಲು ಮುಗಿಯಲಿ, ದ್ರಾಕ್ಷಿಯ ದುಡ್ಡು ಬರಲಿ ಎಂದು ಕಾಯುತ್ತಾರೆ. ಅಂಥವರನ್ನು ಮುಟ್ಟಲು ಹಿಂಜರಿಯುವ ಸರ್ಜನ್ ನಮಗೆ ಬೇಡ. ಆದ್ದರಿಂದ ಯಾವ ಸ್ಥಿತಿಯಲ್ಲಿ ಬಂದರು ಎಂಬುದನ್ನು ಬರೆದೇ ಯಾವ ಸ್ಥಿತಿಗೆ ತಲುಪಿದರು ಎಂಬುದನ್ನು ಬರೆಯಬೇಕು. ಪಿಜಿ ಒಬ್ಬರೇ ಹೊಣೆಯಲ್ಲ ಎಂಬುದೂ ಸರಿ. ಪಕ್ಕದಲ್ಲಿ ನಿಂತ, ಅಥವಾ ನಿಲ್ಲದ, ಹಿರಿಯರದೂ ಅದರಲ್ಲಿ ಪಾಲಿದೆ. ಇಷ್ಟು ತೊಡಕಿದೆ ಎಂದು ಅಳೆಯುವುದನ್ನೇ ಬಿಡುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

*

ನಮ್ಮಲ್ಲಿ ನಡೆಯುವುದು ಹೀಗೆ. ಆಪರೇಷನ್ ಆಗಿ ಐದಾರು ದಿನಕ್ಕೆ ಡಿಸ್ಚಾರ್ಜ್. ಪ್ಲಾಸ್ಟಿಕ್ ಚೀಲದಲ್ಲಿ ಕಾರ್ಡು, ಮಾತ್ರೆ, ಎಕ್ಸ್‌ರೇ. ಹತ್ತು ದಿನ ಬಿಟ್ಟು ಬನ್ನಿ ಎಂದಿರುತ್ತಾರೆ. ಹೋಗಬೇಕೆಂದರೆ ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೆ ಬಂದವರದೂ ಹೋಗುತ್ತದೆ. ಹೊಲಿಗೆಯನ್ನು ಊರಲ್ಲೇ ಬಿಚ್ಚಿಸಿಕೊಳ್ಳುತ್ತಾರೆ. ಕೀವು ತುಂಬಿದರೆ ಹತ್ತಿರದ ಡಾಕ್ಟರ ಹತ್ತಿರ ಡ್ರೆಸ್ಸಿಂಗ್. ಮಾಗಿದರೆ ಹೊಲಕ್ಕೆ.

ಗಾಯ ಕೀವಾಯಿತೇ ಎಂದು ನೋಡಲು ವೈದ್ಯಲೋಕ ಇಟ್ಟಿರುವ ಅವಧಿ ಸಾಮಾನ್ಯವಾಗಿ ಮೂವತ್ತು ದಿನ. ಜಾಲರಿಯಂಥ ಹೊರಗಿನ ವಸ್ತು ಒಳಗಿಟ್ಟಿದ್ದರೆ ತೊಂಬತ್ತು. ಆ ಮೂವತ್ತು ದಿನಗಳಲ್ಲಿ ಹೆಚ್ಚಿನವು ಕಳೆಯುವುದು ಕಾಖಂಡಕಿಯಲ್ಲಿ, ತಿಕೋಟಾದಲ್ಲಿ, ಬಬಲೇಶ್ವರದಲ್ಲಿ. ಹೊಲಿಗೆ ಹಾಕಿದ ಪಿಜಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಕೆಟ್ಟದ್ದಾದರೆ ತಿದ್ದಿಕೊಳ್ಳಲು ಗೊತ್ತಾಗುವುದಿಲ್ಲ. ಒಳ್ಳೆಯದಾದರೆ, ಮೂವತ್ತಾರು ತಾಸು ನಿದ್ದೆಗೆಟ್ಟು ದುಡಿದ ಆ ಹುಡುಗ ಹುಡುಗಿಯರಿಗೆ ನಿಮ್ಮ ಕೈಯಿಂದ ಒಬ್ಬರು ಎದ್ದು ನಿಂತರು ಎಂದು ಹೇಳುವವರೂ ಇಲ್ಲ. ಎರಡನೆಯದು ಸಣ್ಣ ನಷ್ಟ ಎಂದು ನನಗನ್ನಿಸುವುದಿಲ್ಲ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಹಳ್ಳಿಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಬಾಣಂತಿಯ ಮನೆಗೆ ಹೋಗಿ ನೋಡುವವರು ಅವರು. ಆಪರೇಷನ್ ಆದವರ ಮನೆಗೂ ಮೂವತ್ತನೆಯ ದಿನ ಹೋಗಿ, ಜ್ವರ ಬಂದಿತ್ತೇ, ಕೀವಾಗಿತ್ತೇ, ಕೆಲಸಕ್ಕೆ ಮರಳಿದರೇ ಎಂದು ಕೇಳಿ ಆಸ್ಪತ್ರೆಗೆ ಫೋನ್ ಮಾಡಲಿ. ಆ ಕೆಲಸಕ್ಕೆ ಬೇರೆಯಾಗಿ ಸಂಭಾವನೆ ಕೊಡಲಿ. ಪಿಜಿಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕಳೆಯುವ ಮೂರು ತಿಂಗಳಲ್ಲಿ, ತಾವು ಆಪರೇಷನ್ ಮಾಡಿದ ಕೆಲವರನ್ನಾದರೂ ಅವರ ಮನೆಯಲ್ಲೇ ಹೋಗಿ ನೋಡಲಿ. ಲಾಗ್ ಬುಕ್ಕಿಗೆ ಇನ್ನೊಂದು ಕಾಲಂ ಸೇರಲಿ: ಮೂವತ್ತನೆಯ ದಿನ ರೋಗಿ ಹೇಗಿದ್ದಾರೆ. ಅಂಥ ಸಾಲುಗಳೆಲ್ಲ ಕೂಡಿದರೆ ಅದೇ ವಿಭಾಗದ ಅಂಕಪಟ್ಟಿ, ತಪಾಸಣೆಗೆ ಬಂದವರು ಮೊದಲು ಕೇಳಬೇಕಾದ ಕಾಗದ. ಆಯೋಗದವರೂ ವಿಶ್ವವಿದ್ಯಾಲಯಗಳವರೂ ಇಷ್ಟನ್ನು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

ಆಪರೇಷನ್ ಆಗಿ ಊರಿಗೆ ಬಂದವರಲ್ಲೂ ಒಂದು ವಿನಂತಿ ಇದೆ. ಡಿಸ್ಚಾರ್ಜ್ ಕಾರ್ಡು ಎಸೆಯಬೇಡಿ. ಗಾಯ ಪೂರ್ತಿ ಮಾಗಿದ್ದರೂ ತಿಂಗಳಾದ ಮೇಲೆ ಒಮ್ಮೆ ಹೋಗಿ, ಹೊಲಿಗೆ ಹಾಕಿದ ಆ ಪಿಜಿ ಡಾಕ್ಟರನ್ನೇ ಹುಡುಕಿ ತೋರಿಸಿ ಬನ್ನಿ.